ಅಬೋಲಿ ಖಾನಾಪುರದಿಂದ ನಡೆದು ಬಂದದ್ದು

ಟೆಂಪೋದ ಹಿಂಬದಿಗೆ ಹಲಗೆ ಹಚ್ಚಿ, ಹಲಗೆಯ ಮೇಲೆ ಗೋಣಿತಾಟು ಹಾಸಿ, ಅದರ ಮೇಲೆ ಹಸಿಹುಲ್ಲು ಹರಡಿ ಆಗಿತ್ತು. ಅಬೋಲಿ ಕುತ್ತಿಗೆ ಚಾಚಿ ಹುಲ್ಲನ್ನೆಲ್ಲ ತಿಂದಿತೇ ಹೊರತು ಹಲಗೆಯ ಮೇಲೆ ಒಂದು ಗೊರಸನ್ನೂ ಇಡಲಿಲ್ಲ. ಡ್ರೈವರ್ ಹಿಂದಿನಿಂದ ನೂಕಲು ಹೋದ. ಅದು ಎರಡೂ ಹಿಂಗಾಲು ಝಾಡಿಸಿದ ರಭಸಕ್ಕೆ ಟೆಂಪೋದ ಒಂದು ದೀಪ ಚೂರಾಗಿ ಅಂಗಳಕ್ಕೆ ಬಿತ್ತು. ಡ್ರೈವರ್ ಒಡೆದ ದೀಪವನ್ನೂ ಕುದುರೆಯನ್ನೂ ಒಮ್ಮೆ ನೋಡಿ, ಹಲಗೆ ಎತ್ತಿ ಒಳಗೆ ಒಗೆದ.

"ಅಕ್ಕಾರ, ನಾ ಎಮ್ಮಿ ಒಯ್ತೀನಿ, ಆಕಳ ಒಯ್ತೀನಿ, ಒಂದ್ಸಲ ಒಂಟಿನೂ ಒಯ್ದೀನ್ರಿ. ಇದರ ಸಹವಾಸ ನನಗ ಬ್ಯಾಡ" ಎಂದು ಗಾಡಿ ಚಾಲೂ ಮಾಡಿಕೊಂಡು ಹೋಗಿಬಿಟ್ಟ.

ಬಾಳವ್ವ ಖಾನಾಪುರದ ಆ ಅಂಗಳದಲ್ಲಿ ಒಂದು ಕೈಯಲ್ಲಿ ಹಗ್ಗ, ಇನ್ನೊಂದು ಕೈಯಲ್ಲಿ ತನ್ನ ಬಟ್ಟೆಯ ಚೀಲ ಹಿಡಿದು ನಿಂತಳು.

ಬೆಳಗಾವಿಯ ಹಿಂದವಾಡಿಯಲ್ಲಿ ಮದುವೆಗೆ ಕುದುರೆ ಬೇಕೆಂದರೆ ಜನ ಹುಡುಕಿಕೊಂಡು ಹೋಗುತ್ತಿದ್ದುದು ಬಾಳವ್ವನ ಮನೆಯನ್ನೇ. ಆರು ವರ್ಷದ ಹಿಂದೆ ಗಂಡ ತೀರಿಕೊಂಡಾಗ, ಇನ್ನೇನು ಕುದುರೆ ಮಾರುತ್ತಾಳೆ ಎಂದು ಎಲ್ಲರೂ ತಿಳಿದಿದ್ದರು. ಆಕೆ ಕುದುರೆಯ ಜರಿ ಹೊದಿಕೆಯನ್ನು ಒಗೆದು ಇಸ್ತ್ರಿ ಮಾಡಿಸಿ, ಗಂಡನ ಬೂಟಿನೊಳಗೆ ಹತ್ತಿ ತುರುಕಿ ಕಾಲಿಗೆ ಹಾಕಿಕೊಂಡು, ಮುಂದಿನ ಮದುವೆಗೆ ತಾನೇ ಲಗಾಮು ಹಿಡಿದು ಹೊರಟಿದ್ದಳು. ಮೊದಮೊದಲು ಜನ ವರನನ್ನು ಬಿಟ್ಟು ಆಕೆಯನ್ನೇ ನೋಡುತ್ತಿದ್ದರು. ಆಮೇಲೆ ರೂಢಿಯಾಯಿತು. ಈಗ ಆಕೆಗೆ ಐವತ್ನಾಲ್ಕು. ಆಕೆಯ ಬಿಳಿ ಕುದುರೆ ರಾಜಾನಿಗೆ ಇಪ್ಪತ್ಮೂರು. ಕಳೆದ ಬೇಸಿಗೆಯಿಂದ ವರ ಸ್ವಲ್ಪ ದಪ್ಪಗಿದ್ದರೆ ರಾಜಾ ಕುತ್ತಿಗೆ ತಿರುಗಿಸಿ ಅವನನ್ನು ಒಮ್ಮೆ ನೋಡುತ್ತಿತ್ತು. ಅದರ ಮೊಣಕಾಲು ಹೋಗಿದ್ದವು. ತುಳಸಿ ಲಗ್ನ ಮುಗಿದು ಮದುವೆಯ ಹಂಗಾಮು ಶುರುವಾಗಿತ್ತು. ಹನ್ನೊಂದು ದಿನಕ್ಕೆ ಹಿಂದವಾಡಿಯಲ್ಲೇ ಮೊದಲ ಮದುವೆ.

ಆಗಲೇ ಮಗಳು ಸಾಕ್ಷಿ ಫೋನಿನಲ್ಲಿ ಈ ಅಬೋಲಿಯನ್ನು ಹುಡುಕಿದ್ದು. ಆರು ವರ್ಷದ ಹೆಣ್ಣು ಕುದುರೆ, ಅಬೋಲಿ ಅಂದರೆ ಕನಕಾಂಬರ ಹೂವಿನದೇ ಕೆಂಪು ಕೇಸರಿ ಮೈಬಣ್ಣ, ಹಣೆಯ ಮೇಲೆ ಬಿಳಿ ಬೊಟ್ಟು. ವೀಡಿಯೊದಲ್ಲಿ ಅದು ಶಾಂತವಾಗಿ ನಿಂತು ಮೇಯುತ್ತಿತ್ತು. ಒಂದೂವರೆ ನಿಮಿಷದ ವೀಡಿಯೊ. ಅಷ್ಟು ಹೊತ್ತು ಮಾತ್ರ ಅದು ಹಾಗೆ ನಿಲ್ಲುತ್ತದೆಂಬುದು ಬಾಳವ್ವನಿಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಯಿತು.

ಕುದುರೆಯ ಒಡೆಯ ಭೂಪಾಲ ಖಾನಾಪುರದಲ್ಲಿ ಅಕ್ಕಿ ಗಿರಣಿ ನಡೆಸುವ ಜೈನರವನು. ಐವತ್ತರ ಆಸುಪಾಸು, ದುಂಡು ಮೈ, ಬಾಯಿ ತೆರೆದರೆ ಕುದುರೆಯ ಮಾತು. ಗಾಡಿ ಶರ್ಯತ್ತಿನ ಹುಚ್ಚು ಅವನಿಗೆ. ಹಗುರಾದ ಗಾಡಿಗೆ ಕುದುರೆ ಹೂಡಿ ಡಾಂಬರು ರಸ್ತೆಯಲ್ಲಿ ಓಡಿಸುವ ಶರ್ಯತ್ತು. ಬೇಸಿಗೆಯಲ್ಲಿ ಗಾಡಿ ಮಗುಚಿ ಅವನ ಹೆಗಲ ಎಲುಬು ಮುರಿದಿತ್ತು. ಹೆಂಡತಿ ಕಾಂತಾ ಜಗಳವಾಡಲಿಲ್ಲ. ಅವನು ಆಸ್ಪತ್ರೆಯಲ್ಲಿದ್ದಾಗ ಗೆದ್ದ ಕಪ್ಪುಗಳನ್ನೆಲ್ಲ ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಅಟ್ಟಕ್ಕೇರಿಸಿದಳು. ಅವನಿಗೆ ಅರ್ಥವಾಯಿತು, ಕುದುರೆಯನ್ನು ಮಾರಾಟಕ್ಕಿಟ್ಟ.

"ಏನು ಮಾಡೂಣ್ರಿ ಬಾಳವ್ವಾರ?" ಭೂಪಾಲ ಒಡೆದ ಗಾಜು ಆರಿಸುತ್ತ ಕೇಳಿದ. "ಬ್ಯಾಡಂದ್ರ ಬಿಡ್ರಿ. ನಾ ಬ್ಯಾಸರ ಮಾಡ್ಕೊಳ್ಳೂದಿಲ್ಲ."

ಬಾಳವ್ವ ಕುದುರೆಯನ್ನು ನೋಡುತ್ತಿದ್ದಳು. ಟೆಂಪೋ ಹೋದರೂ ಅದರ ಮೂಗಿನ ಹೊಳ್ಳೆ ಅರಳಿಯೇ ಇದ್ದವು, ಪಕ್ಕೆ ಬಡಿದುಕೊಳ್ಳುತ್ತಿತ್ತು. ಆದರೆ ಕಣ್ಣಿನಲ್ಲಿ ದುಷ್ಟತನವಿರಲಿಲ್ಲ. ಮನೆಗೆ ಪರವೂರಿನ ನೆಂಟರು ತುಂಬಿದಾಗ ಎಲ್ಲಿ ನಿಲ್ಲಬೇಕು ತಿಳಿಯದ ಸೊಸೆಯ ಕಣ್ಣಿನ ಹಾಗಿದ್ದವು ಆ ಕಣ್ಣು.

"ಗಾಡಿ ಹತ್ತಂಗಿಲ್ಲಂದ್ರ ನಡಸ್ಕೊಂಡು ಹೋಗ್ತೀನ್ರಿ" ಎಂದಳು.

"ಬೆಳಗಾಂವಿತನಕ?"

"ಇಪ್ಪತ್ತೈದು ಇಪ್ಪತ್ತಾರು ಕಿಲೋಮೀಟರ್. ಮದುವಿ ಹಂಗಾಮದಾಗ ವಾರಕ್ಕ ಅದಕ್ಕಿಂತ ಹೆಚ್ಚ ನಡೀತೀನಿ. ಆದ್ರ ಇವತ್ತ ಅಲ್ಲ. ಮೊದಲ ಇದರ ಗುರುತಾಗಲಿ. ಒಂದ್ ವಾರ ನನಗ ಇಲ್ಲೇ ಎಲ್ಲಾರ ಇರಾಕ ಜಾಗಾ ಆದೀತೇನ್ರಿ?"

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಕಾಂತಾ ಹೇಳಿದಳು, "ಜಾಗಾ ಐತಿ, ಬರ್ರಿ ಒಳಗ. ನಮ್ಮಲ್ಲಿ ಹೊತ್ತು ಮುಳುಗೂಕಿಂತ ಮೊದಲ ಊಟ. ಕೈಕಾಲು ತೊಳ್ಕೊಂಡು ಕುಂದರ್ರಿ."

*

ಮೊದಲ ದಿನ ಬಾಳವ್ವ ಕುದುರೆಯನ್ನು ಮುಟ್ಟಲೇ ಇಲ್ಲ. ಲಾಯದ ಮೂಲೆಯಲ್ಲಿ ಬಕೆಟ್ಟು ಬೋರಲು ಹಾಕಿ, ಅದರ ಮೇಲೆ ಕುಳಿತು, ಕಾಂತಾ ಕೊಟ್ಟ ಮೊರದಲ್ಲಿ ಅಕ್ಕಿ ಆರಿಸಿದಳು. ಅಬೋಲಿ ದೂರದ ಗೋಡೆಗೆ ಒತ್ತಿ ನಿಂತು ಕಿವಿ ಹಿಂದಕ್ಕೆ ಮಡಚಿತ್ತು. ಒಂದು ತಾಸಿನ ಮೇಲೆ ಒಂದು ಕಿವಿ ಇವಳ ಕಡೆ ತಿರುಗಿತು. ತಿರುಗಿದ ಕೂಡಲೇ ಬಾಳವ್ವ ಮೊರ ಎತ್ತಿಕೊಂಡು ಹೊರಗೆ ಹೋಗಿಬಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಂದು ಕುಳಿತಳು.

"ಅದು ಈಗಷ್ಟ ನಿಮ್ಮ ಕಡೆ ನೋಡಾಕ ಹತ್ತಿತ್ತು, ಎದ್ದು ಬಂದ್ರೆಲ್ಲ" ಎಂದ ಭೂಪಾಲ.

"ಅದಕ್ಕ ಎದ್ದೆ. ತಾ ನೋಡಿದ್ರ ಇಕಿ ಮೈಮ್ಯಾಲ ಬರೂದಿಲ್ಲ, ಸರದು ನಿಲ್ತಾಳು ಅಂತ ಅದಕ್ಕ ತಿಳೀಲಿ."

ಸಂಜೆಗೆ ಅದು ತಾನಾಗಿ ನಾಲ್ಕು ಹೆಜ್ಜೆ ಬಂದು ಮೊರದ ಅಂಚನ್ನು ಮೂಸಿತು. ಎರಡನೆಯ ದಿನ ಬೆನ್ನ ಮೇಲೆ ಕೈ ಆಡಿಸಗೊಟ್ಟಿತು. ಅಂದೇ ಬಾಳವ್ವ ಭೂಪಾಲನ ಮೇವಿನ ಡಬ್ಬಿಗಳ ಮುಚ್ಚಳ ತೆಗೆದು ನೋಡಿದ್ದು. ನೆನೆ ಹಾಕಿದ ಕಡಲೆ, ಹುರುಳಿ, ಗೋಧಿ, ಅದರ ಮೇಲೆ ತುಪ್ಪ, ಬದಾಮು.

"ಶರ್ಯತ್ತು ಬಿಟ್ಟು ಎಷ್ಟು ದಿನ ಆತ್ರಿ?"

"ಏಳು ತಿಂಗಳಾತು."

"ಇನ್ನೂ ಇದನ್ನ ಹಾಕ್ತೀರಿ?"

"ಓಡೂದು ಬಿಟ್ಟಾಳಂತ ಉಪವಾಸ ಕೆಡವಬೇಕೇನ್ರಿ? ನನ್ನ ಮಗಳಿದ್ದಂಗ."

"ಅಣ್ಣಾರ, ಇಷ್ಟು ತಿಂದು ದಿನಾಪೂರ್ತಿ ಕಟ್ಟಿಸ್ಕೊಂಡು ನಿಂತ್ರ ನಾನೂ ಟೆಂಪೋ ಒದೀತೀನಿ" ಎಂದಳು ಬಾಳವ್ವ. ಬಾಗಿಲ ಆಚೆ ಕಾಂತಾ ನಕ್ಕದ್ದು ಕೇಳಿಸಿತು. ಅಂದಿನಿಂದ ಕಾಳು ಸ್ವಲ್ಪಸ್ವಲ್ಪ ಕಡಿಮೆಯಾಗಿ ಹುಲ್ಲು ಹೆಚ್ಚಾಯಿತು. ಬೆಳಿಗ್ಗೆ ಸಂಜೆ ಎರಡೆರಡು ತಾಸು ನಡಿಗೆ.

ನಡಿಗೆಯಲ್ಲಿ ಅಬೋಲಿ ಯಾವ ತಕರಾರನ್ನೂ ಮಾಡಲಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಎದುರಾದರೆ ಬದಿಗೆ ಸರಿಯಿತು. ನಾಯಿ ಬೊಗಳಿದರೆ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ. ರೈಲು ಗೇಟಿನ ಬಳಿ ಗೂಡ್ಸ್ ಗಾಡಿ ಹಾಯುವವರೆಗೆ ತಲೆ ತಗ್ಗಿಸಿ ನಿಂತಿತು. ಬಾಳವ್ವನಿಗೆ ಆಶ್ಚರ್ಯ. ಈ ಕುದುರೆಯನ್ನು ಅಂಜುಬುರುಕ ಎನ್ನುವಂತಿರಲಿಲ್ಲ. ಹಾಗಾದರೆ ಅಂಗಳದಲ್ಲಿ ಅಷ್ಟು ಕುಣಿದದ್ದೇಕೆ?

ನಾಲ್ಕನೆಯ ಬೆಳಿಗ್ಗೆ ಗೊತ್ತಾಯಿತು. ನಂದಗಡದ ಕಡೆ ಹೋಗುವ ರಸ್ತೆಯಲ್ಲಿ ಬಾಳವ್ವ ಹಗ್ಗ ಹಿಡಿದಿದ್ದಳು, ಭೂಪಾಲ ಇನ್ನೊಂದು ಬಾಜು ಎರಡನೆಯ ಹಗ್ಗ ಹಿಡಿದು ಮಾತಾಡುತ್ತ ನಡೆದಿದ್ದ. ಎರಡೂ ಕಡೆ ಕೊಯ್ಲಾದ ಭತ್ತದ ಗದ್ದೆ. ಹಿಂದಿನಿಂದ ಬಂದ ಬೈಕಿನವನು ದಾರಿ ಕೇಳಲು ಎರಡು ಸಲ ಹಾರ್ನ್ ಹೊಡೆದ. ಅಷ್ಟೇ. ಅಬೋಲಿಯ ಮೈ ಒಮ್ಮೆ ಕುಗ್ಗಿ ಬಾಣದಂತೆ ಚಿಮ್ಮಿತು. ಹಗ್ಗ ಅಂಗೈ ಸುಡುತ್ತಲೇ ಬಾಳವ್ವ ಕೈ ಬಿಟ್ಟಳು. ಭೂಪಾಲ ಬಿಡಲಿಲ್ಲ. ಗಾಳಿಪಟದ ಬಾಲದ ಹಾಗೆ ಹತ್ತು ಮಾರು ಹಾರಿ ಹೋಗಿ, ಗದ್ದೆಯ ಕೆಸರಿನಲ್ಲಿ ಹೊಟ್ಟೆಯಡಿಯಾಗಿ ಬಿದ್ದ.

ಬಾಳವ್ವ ಓಡಿ ಹೋಗಿ ಅವನನ್ನು ಎಬ್ಬಿಸಿದಳು. ಹೆಗಲು ಸರಿಯಿತ್ತು. ಮೂಗಿನ ತುದಿ ಬಿಟ್ಟರೆ ಉಳಿದದ್ದೆಲ್ಲ ಕೆಸರು.

"ಮನ್ಯಾಗ ಹೇಳಬ್ಯಾಡ್ರಿ" ಎಂಬುದು ಅವನ ಮೊದಲ ಮಾತು.

ಇಬ್ಬರೂ ಒಂದು ಕಿಲೋಮೀಟರ್ ನಡೆದರು. ರಸ್ತೆಯ ತಿರುವಿನಲ್ಲಿ ಅಬೋಲಿ ತಾನಾಗಿ ನಿಂತಿತ್ತು. ಬೆವತಿತ್ತು, ಆದರೆ ತಲೆ ಎತ್ತಿ, ಗೆದ್ದು ಬಂದವರ ಹಾಗೆ ಅತ್ತಿತ್ತ ನೋಡುತ್ತಿತ್ತು. ಯಾರಾದರೂ ಬಂದು ಬೆನ್ನು ತಟ್ಟಲಿ ಎಂದು ಕಾಯುವಂತಿತ್ತು.

"ಶರ್ಯತ್ತಿನ್ಯಾಗ ಹೆಂಗ ಓಡಸ್ತಿದ್ರಿ ಇದನ್ನ?" ಬಾಳವ್ವ ಕೇಳಿದಳು.

"ಗಾಡ್ಯಾಗ ನಾ ನಿಂತಿರ್ತೀನಿ. ಹಿಂದ ನಮ್ಮ ಹುಡುಗರು ಐದಾರು ಬೈಕಿನ ಮ್ಯಾಲ ಹಾರ್ನ್ ಹೊಡಕೋಂತ ಬರ್ತಾರ. ಆ ಸಪ್ಪಳಕ್ಕ ಕುದುರಿ ಓಡ್ತೈತಿ." ಹೇಳುತ್ತ ಹೇಳುತ್ತ ಭೂಪಾಲನ ದನಿ ಸಣ್ಣದಾಯಿತು. "ಮೂರು ವರ್ಷ ಹಂಗ ಓಡಿಸೀವಿ. ಟೆಂಪೋದಾವನೂ ಬರೂಮುಂದ ಗೇಟಿನ್ಯಾಗ ಹಾರ್ನ್ ಹೊಡದಿದ್ದ, ಅಲ್ರೀ?"

"ಹೊಡದಿದ್ದ."

"ತಪ್ಪು ಇಕೀದಲ್ಲ ಹಂಗಾರ."

"ಇದಕ್ಕ ಯಾವ ಹುಚ್ಚೂ ಇಲ್ಲ. ನೀವು ಕಲಿಸಿದ್ದನ್ನ ಖರೇ ಮನಸಿನಿಂದ ಮಾಡಾಕ ಹತ್ತೈತಿ" ಎಂದು ಬಾಳವ್ವ ಅಬೋಲಿಯ ಕುತ್ತಿಗೆಗೆ ಅಂಗೈ ಇಟ್ಟಳು. "ಅದಕ್ಕ ಬ್ಯಾರೆ ಪಾಠ ಕಲಿಸಬೇಕು. ಹಾರ್ನ್ ಅಂದ್ರ ಓಡೂದಲ್ಲ, ನಿಲ್ಲೂದು."

ಮನೆಗೆ ಬಂದಾಗ ಕಾಂತಾ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಬಚ್ಚಲಿಗೆ ಬಿಸಿನೀರು ಬಿಟ್ಟಳು.

*

ಪಾಠ ಗಿರಣಿಯ ಹಿಂದಿನ ಬಯಲಿನಲ್ಲಿ ಶುರುವಾಯಿತು. ಬಾಳವ್ವ ಕುದುರೆಗೆ ಕೊಡಲು ಮೊದಲು ಕೇಳಿದ್ದು ಗಜ್ಜರಿ, ಅಂದರೆ ಕ್ಯಾರೆಟ್. ಕಾಂತಾ ತಲೆಯಲ್ಲಾಡಿಸಿದಳು. "ನೆಲದಾಗಿನ ಗಡ್ಡಿ ನಮ್ಮ ಮನ್ಯಾಗ ಬರೂದಿಲ್ರಿ. ಬೆಲ್ಲ ಐತಿ, ಎಷ್ಟ ಬೇಕಾದ್ರೂ ಕೊಡ್ತೀನಿ." ಬಾಳವ್ವ ಅಚ್ಚು ಒಡೆದು, ಹುಣಸೆ ಬೀಜದಷ್ಟು ಚೂರು ಮಾಡಿ ಉಡಿಯಲ್ಲಿ ಕಟ್ಟಿಕೊಂಡಳು.

ಭೂಪಾಲ ಸ್ಕೂಟರ್ ತೆಗೆದುಕೊಂಡು ಬಯಲಿನ ಆ ತುದಿಗೆ ಹೋಗಿ ನಿಂತ. ಬಾಳವ್ವ ಕೈ ಎತ್ತಿದಾಗ ಒಂದು ಸಣ್ಣ ಹಾರ್ನ್. ಅಷ್ಟು ದೂರದ ಸಪ್ಪಳಕ್ಕೆ ಅಬೋಲಿಯ ಕಿವಿ ಮಾತ್ರ ನಿಮಿರಿತು, ಮೈ ಬಿಗಿಯಿತು. ಬಾಳವ್ವ ದೀರ್ಘವಾಗಿ ಉಸಿರು ಬಿಟ್ಟು, ಹಗ್ಗ ಸಡಿಲಿಸಿ, ಬಾಯಿಗೆ ಬೆಲ್ಲ ಇಟ್ಟಳು. ಮತ್ತೊಂದು ಹಾರ್ನ್, ಮತ್ತೊಂದು ಚೂರು. ಇಪ್ಪತ್ತು ಸಲವಾದ ಮೇಲೆ ಹಾರ್ನ್ ಕೇಳಿದಾಗ ಅದು ಓಡುವ ದಾರಿ ನೋಡುವುದನ್ನು ಬಿಟ್ಟು ಬಾಳವ್ವನ ಉಡಿ ನೋಡತೊಡಗಿತು. ಆಗ ಸ್ಕೂಟರ್ ಹತ್ತು ಹೆಜ್ಜೆ ಮುಂದೆ ಬಂತು.

ಒಂದು ಸಲ ಭೂಪಾಲ ಅವಸರ ಮಾಡಿ ಐವತ್ತು ಹೆಜ್ಜೆ ಹತ್ತಿರ ಬಂದು ಜೋರಾಗಿ ಹೊಡೆದ. ಅಬೋಲಿ ಹಿಂಗಾಲ ಮೇಲೆ ಎದ್ದು ನಿಂತಿತು. ಬಾಳವ್ವ ಎಳೆದಾಡಲಿಲ್ಲ, ಗದರಲಿಲ್ಲ. ಅದರ ಜೊತೆ ಸಣ್ಣ ಸುತ್ತಿನಲ್ಲಿ ಎರಡು ಸಲ ತಿರುಗಿ, ಕಾಲು ನಿಂತ ಮೇಲೆ ತಲೆ ತಗ್ಗಿಸುವವರೆಗೆ ಕಾದಳು.

"ನಿಮಗ ತಾಳ್ಮಿ ಇಲ್ರಿ" ಎಂದು ಕಾಂತಾ ಗಂಡನಿಗೆ ಹೇಳಿ, ಸೆರಗು ಸಿಕ್ಕಿಸಿ, ತಾನೇ ಸ್ಕೂಟರ್ ಏರಿದಳು. ಆ ಕೆಲಸಕ್ಕೆ ಅವಳಷ್ಟು ಸರಿಯಾದವರು ಸಿಗುತ್ತಿರಲಿಲ್ಲ. ಹೇಳಿದಷ್ಟೇ ಮುಂದೆ ಬಂದಳು, ಹೇಳಿದಷ್ಟೇ ಒತ್ತಿದಳು. ಆರನೆಯ ದಿನ ಗಿರಣಿಯ ಕೆಲಸಗಾರರ ಮೂರು ಬೈಕುಗಳು ಸಾಲಾಗಿ ಅಬೋಲಿಯ ಬೆನ್ನ ಹಿಂದೆ ಹಾರ್ನ್ ಹೊಡೆದವು. ಅದು ನಡೆಯುತ್ತಿದ್ದಲ್ಲೇ ನಿಂತು, ಕುತ್ತಿಗೆ ತಿರುಗಿಸಿ, ಮೇಲ್ತುಟಿ ಚಾಚಿತು. ಕಾಂತಾ ಸ್ಕೂಟರಿನ ಮೇಲೆ ಕುಳಿತೇ ನಕ್ಕಳು. ಭೂಪಾಲ ಹೆಂಡತಿ ಹಾಗೆ ನಕ್ಕದ್ದನ್ನು ನೋಡಿ ಬಹಳ ದಿನವಾಗಿತ್ತೇನೋ, ಕುದುರೆಯನ್ನು ಬಿಟ್ಟು ಅವಳನ್ನೇ ನೋಡುತ್ತ ನಿಂತ.

ರಾತ್ರಿ ಸಾಕ್ಷಿ ಫೋನ್ ಮಾಡಿದಳು. "ಅವ್ವಾ, ಮದುವಿ ಮನಿಯವರು ಕೇಳಾಕ ಹತ್ಯಾರ. ಕುದುರಿ ಬರ್ತೈತೋ ಇಲ್ಲೋ?"

"ಬರ್ತೈತಿ ಅಂತ ಹೇಳು. ನಾಳೆ ನಸುಕಿನ್ಯಾಗ ಬಿಡ್ತೀವಿ."

"ಬಿಡ್ತೀವಿ? ಯಾರ್ಯಾರು?"

"ನಾಕು ಮಂದಿ" ಎಂದಳು ಬಾಳವ್ವ. ಕುದುರೆಯನ್ನೂ ಅವಳು ಲೆಕ್ಕಕ್ಕೆ ಹಿಡಿದಿದ್ದಳು.

*

ಮಲಪ್ರಭೆಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ, ಆಗಲೇ ಅವರು ಸೇತುವೆ ದಾಟಿದರು. ಬಾಳವ್ವ ಹಗ್ಗ ಹಿಡಿದು ಮುಂದೆ, ಭೂಪಾಲ ಬಾಜು, ಕಾಂತಾ ಸ್ಕೂಟರಿನ ಮೇಲೆ ಐವತ್ತು ಹೆಜ್ಜೆ ಹಿಂದೆ. ಸ್ಕೂಟರಿನ ಮುಂದಿನ ಕೊಕ್ಕೆಗೆ ಎರಡು ಡಬ್ಬಿ ಊಟ. ಹೆದ್ದಾರಿಯ ಬದಿಯ ಸಣ್ಣ ರಸ್ತೆ ಹಿಡಿದು ಪ್ರಭುನಗರ, ಇದಲಹೊಂಡ ದಾಟುತ್ತ ಹೋದಂತೆ ವಾಹನ ಹೆಚ್ಚಿದವು. ಪ್ರತಿ ಹಾರ್ನಿಗೂ ಅಬೋಲಿ ನಿಂತಿತು, ಪ್ರತಿ ಸಲವೂ ಬೆಲ್ಲ ಸಿಕ್ಕಿತು. ಲಾರಿಯವನೊಬ್ಬ ಒತ್ತಿದ ಹಾರ್ನಿಗೆ ಭೂಪಾಲನೇ ಹೌಹಾರಿ ಬದಿಗೆ ಹಾರಿದ. ಕುದುರೆ ನಿಂತು ಬಾಯಿ ಆಡಿಸುತ್ತಿತ್ತು.

ಮಧ್ಯಾಹ್ನ ದೇಸೂರಿನ ಹತ್ತಿರ ಮಾವಿನ ಮರದಡಿ ಕುಳಿತರು. ಉಂಡ ಕೂಡಲೇ ಭೂಪಾಲ ಟೊಪ್ಪಿಗೆ ಮುಖಕ್ಕೆ ಹಾಕಿ ಮಲಗಿದ. ಅಬೋಲಿ ನೀರು ಕುಡಿದು, ಒಂದು ಹಿಂಗಾಲು ಸಡಿಲಿಸಿ ತೂಕಡಿಸುತ್ತಿತ್ತು.

"ನಿಮಗ ಅಂಜಿಕಿ ಬರೂದಿಲ್ಲೇನ್ರಿ?" ಕಾಂತಾ ಕೇಳಿದಳು.

"ಬರ್ತೈತಿ. ಅವರು ಹೋದ ಮ್ಯಾಲ ಮೊದಲ್ನೇ ಮದುವಿಗೆ ಹೋದಾಗ ನನ್ನ ಕೈ ಹಿಂಗ ನಡುಗ್ತಿತ್ತು." ಬಾಳವ್ವ ಅಂಗೈ ಅಲುಗಿಸಿ ತೋರಿಸಿದಳು. "ಲಗಾಮದಾಗಿಂದ ಆ ನಡುಕ ರಾಜಾಗ ಹೋತು. ಎಂದೂ ಬೆದರದ ಕುದುರಿ, ಅವತ್ತ ನಿಂತಲ್ಲೆ ನಡುಗಾಕ ಹತ್ತಿತು. ಮ್ಯಾಲ ಕುಂತ ವರಾನೂ ನಡುಗಾಕ ಹತ್ತಿದಾ."

ಕಾಂತಾ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಅವತ್ತ ತಿಳೀತು. ಅದಕ್ಕ ಸಮಾಧಾನ ಮಾಡೂಕಿಂತ ಮೊದಲ ನಾ ಉಸಿರು ಬಿಡಬೇಕು. ಹೆದರಿಕಿ ಹೋಗಲಿ ಅಂತ ಕಾಯಬಾರದು. ಹೆದರಿಕಿ ಇದ್ರೂ ಉಸಿರು ಉದ್ದ ಬಿಡಾಕ ಬರ್ತೈತಿ."

ಕಾಂತಾ ಮಲಗಿದ್ದ ಗಂಡನ ಕಡೆ ನೋಡಿದಳು. "ಇವರು ಗಾಡಿ ಹತ್ತಿದ ದಿನ ನಾ ಉಸಿರ ಹಿಡ್ಕೊಂಡು ಕುಂಡ್ರತಿದ್ದೆ. ಕುದುರಿ ಮ್ಯಾಲ ಸಿಟ್ಟು ಬರ್ತಿತ್ತು. ಪಾಪ, ಅದೇನು ಮಾಡಿತ್ತು" ಎಂದಳು.

*

ಮಚ್ಛೆ ಮುಟ್ಟಿದಾಗ ಸಂಜೆ ಐದೂವರೆ. ಬಾಳವ್ವ ಹೊತ್ತಿನ ಅಂದಾಜಿನಲ್ಲಿ ತಪ್ಪಿದ್ದಳು. ಕಾರ್ಖಾನೆಗಳ ಪಾಳಿ ಬಿಡುವ ಹೊತ್ತು ಅದು. ಒಂದರ ಹಿಂದೊಂದು ಗೇಟು ತೆರೆದು, ನೀಲಿ ಅಂಗಿ, ಖಾಕಿ ಅಂಗಿಯ ನೂರಾರು ಜನ ಬೈಕು ಚಾಲೂ ಮಾಡಿಕೊಂಡು ರಸ್ತೆಗೆ ಬಂದರು. ಅಬೋಲಿ ಸರಿಯಾಗಿ ನಾಲ್ಕು ದಾರಿ ಕೂಡುವ ಜಾಗದ ನಡುಮಧ್ಯದಲ್ಲಿತ್ತು.

ಮೊದಲ ಹಾರ್ನ್ ಕೇಳಿತು. ಅಬೋಲಿ ನಿಂತಿತು. ಬಾಳವ್ವ ಉಡಿಗೆ ಕೈ ಹಾಕಿದಳು. ಬೆಲ್ಲ ಮುಗಿದಿತ್ತು.

ಎರಡನೆಯ ಹಾರ್ನ್, ಹತ್ತನೆಯದು, ಐವತ್ತನೆಯದು. ಒಂದು ವಾರದ ಹಿಂದೆ ಈ ಸಪ್ಪಳ ಕೇಳಿದ್ದರೆ ಆ ಕುದುರೆ ಒಂದೇ ಉಸಿರಿಗೆ ಬೆಳಗಾವಿ ದಾಟಿರುತ್ತಿತ್ತು. ಈಗ ಅದು ಕಣ್ಣು ಅರ್ಧ ಮುಚ್ಚಿ, ಮೇಲ್ತುಟಿ ಚಾಚಿ, ನಾಲ್ಕೂ ಕಾಲು ನೆಲಕ್ಕೆ ಊರಿ ಬೆಲ್ಲಕ್ಕಾಗಿ ನಿಂತಿತು. ಹಿಂದಿನವರು ಹೊಡೆದಷ್ಟೂ ಅದಕ್ಕೆ ಭರವಸೆ ಹೆಚ್ಚುತ್ತಿತ್ತು. ಬಾಳವ್ವ ಹಗ್ಗ ಜಗ್ಗಿದಳು. ಭೂಪಾಲ "ನಡಿ ನನ್ನವ್ವಾ, ನಡಿ" ಎಂದು ಬೇಡಿಕೊಂಡ. ಮೂರೂ ಕಡೆ ವಾಹನ ತುಂಬಿ, ಬಸ್ಸೊಂದು ಅಡ್ಡ ನಿಂತು, ಎಲ್ಲರೂ ಸೇರಿ ಹಾರ್ನ್ ಹೊಡೆಯತೊಡಗಿದರು.

ಕಾಂತಾ ಗುಂಪಿನ ನಡುವೆ ಸ್ಕೂಟರ್ ತೂರಿಸಿಕೊಂಡು ಬಂದು ಮುಳುಗುವ ಸೂರ್ಯನ ಕಡೆ ನೋಡಿದಳು. "ಹೊತ್ತು ಹೊಂಟಿತು. ನಾವು ಉಣಬೇಕು" ಎಂದು ಸ್ಟ್ಯಾಂಡ್ ಹಾಕಿ, ಅಲ್ಲೇ ಡಬ್ಬಿ ತೆಗೆದು, ಗಂಡನ ಕೈಗೊಂದು ಶೇಂಗಾ ಹೋಳಿಗೆ ಇಟ್ಟು ತಾನೂ ಒಂದು ತೆಗೆದುಕೊಂಡಳು. "ಇಕಿಗೊಂದು ಕೊಡಲೇನ್ರಿ ಬಾಳವ್ವಾರ?"

"ಈಗ ಕೊಟ್ರ ಬೆಳತನಕಾ ಇಲ್ಲೇ ನಿಲ್ತೈತ್ರಿ. ಮೊದಲ ಹಾರ್ನ್ ನಿಲ್ಲಬೇಕು."

ಹತ್ತಿರದ ಸ್ಕೂಟಿಯ ಮೇಲೆ ನೀಲಿ ಅಂಗಿಯ ಹುಡುಗಿಯೊಬ್ಬಳು ಕುಳಿತಿದ್ದಳು. ಅಂಗಿಯ ಕಿಸೆಯ ಮೇಲೆ ಪೂರ್ಣಿಮಾ ಎಂದು ಬರೆದಿತ್ತು. ಬಾಳವ್ವ ಅವಳ ಹತ್ತಿರ ಬಾಗಿ ಹೇಳಿದಳು, "ತಂಗೀ, ಇದು ಹಾರ್ನ್ ಕೇಳಿದ್ರ ನಿಲ್ತೈತಿ, ಸುಮ್ಮಾದ್ರ ನಡೀತೈತಿ. ಹಿಂದಿನವರಿಗೆ ಸ್ವಲ್ಪ ಹೇಳ್ತೀಯೇನು?"

ಪೂರ್ಣಿಮಾ ಕುದುರೆಯನ್ನು, ಹೋಳಿಗೆ ತಿನ್ನುತ್ತಿದ್ದ ಗಂಡ ಹೆಂಡತಿಯನ್ನು ನೋಡಿ, ಹಿಂದೆ ತಿರುಗಿ, "ಹಾರ್ನ್ ಬಂದ್ ಮಾಡ್ರಿ, ಮುಂದ ಕುದುರಿ ಐತಿ" ಎಂದಳು. ಅವಳ ಹಿಂದಿನವನು ತನ್ನ ಹಿಂದಿನವನಿಗೆ ಹೇಳಿದ. ಮಾತು ಕನ್ನಡದಲ್ಲಿ ಸ್ವಲ್ಪ ದೂರ, ಮರಾಠಿಯಲ್ಲಿ ಸ್ವಲ್ಪ ದೂರ ಹೋಯಿತು. ಸಾಲಿನ ನಡುವೆ ಅದು "ಮುಂದ ಕುದುರಿಗೆ ಆರಾಮಿಲ್ಲ" ಎಂದಾಯಿತು. ಕೊನೆಗೆ ಮುಟ್ಟಿದಾಗ "ಮುಂದ ಯಾರೋ ಬಸುರಿ ಹೆಣಮಗಳು ಅದಾಳ" ಎಂದಾಗಿತ್ತೆಂದು ಪೂರ್ಣಿಮಾ ಆಮೇಲೆ ಹೇಳಿದಳು. ಯಾವ ಕಾರಣಕ್ಕೋ, ಹಾರ್ನುಗಳು ಒಂದೊಂದಾಗಿ ನಿಂತವು. ಬಸ್ಸಿನವನು ಇಂಜಿನ್ನನ್ನೇ ಬಂದ್ ಮಾಡಿದ. ಅವನನ್ನು ನೋಡಿ ಬೈಕಿನವರೂ ಬಂದ್ ಮಾಡಿದರು.

ಮಚ್ಛೆಯ ಆ ರಸ್ತೆಯಲ್ಲಿ ಪಾಳಿ ಬಿಟ್ಟ ಹೊತ್ತಿನಲ್ಲಿ ಹಕ್ಕಿಯ ದನಿ ಕೇಳಿಸಿತು. ಬಾಳವ್ವ ಕುದುರೆಯ ಬಾಜು ನಿಂತು ಉದ್ದಕ್ಕೆ ಉಸಿರು ಬಿಟ್ಟಳು. ಅಬೋಲಿ ಕಣ್ಣು ತೆರೆಯಿತು. ಸುತ್ತ ನೋಡಿತು. ಇನ್ನು ಬೆಲ್ಲ ಬರುವುದಿಲ್ಲ ಎಂಬುದು ಖಾತ್ರಿಯಾದಂತೆ ತುಟಿ ಒಳಗೆಳೆದುಕೊಂಡು, ಮೂಗಿನಿಂದ ಫುರ್ ಎಂದು ಗಾಳಿ ಬಿಟ್ಟು, ಒಂದು ಹೆಜ್ಜೆ ಇಟ್ಟಿತು. ಆಮೇಲೆ ಇನ್ನೊಂದು.

ಅದರ ಹಿಂದೆ ನೂರಾರು ಜನ ಬೈಕು ನೂಕಿಕೊಂಡು ಸದ್ದಿಲ್ಲದೆ ನಡೆದರು. ಯಾರೂ ಹೇಳಿರಲಿಲ್ಲ, ಒಬ್ಬ ನೂಕಿದ್ದಕ್ಕೆ ಇನ್ನೊಬ್ಬ ನೂಕಿದ. ಮುಂದೆ ರಸ್ತೆ ಅಗಲಾಗುವಲ್ಲಿ ಬಾಳವ್ವ ಕುದುರೆಯನ್ನು ಬದಿಗೆ ತಂದು ಕೈ ಎತ್ತಿದ ಮೇಲೆ ಇಂಜಿನ್ನುಗಳು ಚಾಲೂ ಆದವು. ಪೂರ್ಣಿಮಾ ಹೋಗುವಾಗ ಹಾರ್ನ್ ಹೊಡೆಯದೆ ಕೈ ಬೀಸಿ ಹೋದಳು.

"ಓಡೂ ರೋಗ ವಾಸಿ ಮಾಡಿ ನಿಲ್ಲೂ ರೋಗ ಹಚ್ಚೀರಿ" ಎಂದ ಭೂಪಾಲ.

"ನಿಲ್ಲೂದಕ್ಕ ಔಷಧ ಸಸ್ತಾ ಐತ್ರಿ" ಎಂದಳು ಬಾಳವ್ವ. ಅವಳಿಗೂ ನಗು ತಡೆಯಲಾಗಲಿಲ್ಲ.

ಹಿಂದವಾಡಿ ಮುಟ್ಟಿದಾಗ ಬೀದಿ ದೀಪ ಹತ್ತಿದ್ದವು. ಸಾಕ್ಷಿ ಗೇಟು ತೆಗೆದು ನಿಂತಿದ್ದಳು. ಲಾಯದೊಳಗಿಂದ ರಾಜಾ ಕೆನೆಯಿತು, ಅಬೋಲಿ ತಿರುಗಿ ಕೆನೆಯಿತು. ಎರಡೂ ಮೂಗಿಗೆ ಮೂಗು ಹಚ್ಚಿ ಬಹಳ ಹೊತ್ತು ಮೂಸಿಕೊಂಡವು. ಭೂಪಾಲ ಹೊರಡಲು ಎದ್ದವನು ಮೂರು ಸಲ ಮರಳಿ ಲಾಯಕ್ಕೆ ಹೋದ. ನಾಲ್ಕನೆಯ ಸಲ ಕಾಂತಾಳೇ ಒಳಗೆ ಹೋಗಿ, ಅಬೋಲಿಯ ಹಣೆಯ ಬೊಟ್ಟಿನ ಮೇಲೆ ಒಮ್ಮೆ ಕೈಯಿಟ್ಟು, ಗಂಡನ ರಟ್ಟೆ ಹಿಡಿದು ಕರೆದುಕೊಂಡು ಬಂದಳು.

*

ಮದುವೆಗೆ ಇನ್ನೂ ಮೂರು ದಿನವಿತ್ತು. ಬಾಳವ್ವ ಬ್ಯಾಂಡಿನ ಈರಯ್ಯನನ್ನು ಮನೆಗೆ ಕರೆಸಿದಳು. ಡೋಲಿಗೆ ಅಬೋಲಿ ಆರಾಮವಾಗಿ ನಡೆಯಿತು. ಕಹಳೆ ಊದಿದರೆ ಹಾರ್ನ್ ಎಂದು ತಿಳಿದು ನಿಂತಿತು. ಬಾಳವ್ವನಿಗೆ ಚಿಂತೆಯಾಯಿತು, ಈರಯ್ಯನಿಗೆ ಮಾತ್ರ ಖುಷಿ.

"ಅಕ್ಕಾರ, ಇಪ್ಪತ್ತು ವರ್ಷ ಇಂಥಾದ್ದೊಂದು ಕುದುರಿಗೆ ಕಾದೀನ್ರಿ. ಜನಾ ಕುಣಿಯೋ ಜಾಗಾದಾಗ ಕುದುರಿ ಮುಂದ ಹೋಗಿಬಿಡ್ತೈತಿ, ವರ ಒಂದು ಕಡೆ, ನಾವೊಂದು ಕಡೆ. ಇನ್ಮ್ಯಾಲ ಕುಣಿಯಾಕ ನಿಂತಲ್ಲಿ ಕಹಳಿ, ನಡಿಯಾಕ ಡೋಲು. ನಾ ನೋಡ್ಕೋತೀನಿ ಬಿಡ್ರಿ."

ಹಾಗೆಯೇ ಆಯಿತು. ಮದುವೆಯ ಸಂಜೆ ಅಬೋಲಿ ಜರಿ ಹೊದಿಕೆ ಹೊದ್ದು, ವರನನ್ನು ಹೊತ್ತು, ಡೋಲಿಗೆ ನಡೆದು ಕಹಳೆಗೆ ನಿಂತು ಹಿಂದವಾಡಿಯ ಮೂರು ಬೀದಿ ತಿರುಗಿತು. ನಿಂತಾಗಲೆಲ್ಲ ಬಾಳವ್ವ ಬೆಲ್ಲ ಕೊಟ್ಟಳು. ವರನ ತಾಯಿ ಮುಂದಿನ ಮಾಘದಲ್ಲಿ ತಂಗಿಯ ಮಗನ ಮದುವೆಗೂ ಇದೇ ಕುದುರೆ ಬೇಕೆಂದು ಅಲ್ಲೇ ಸಾಕ್ಷಿಯ ಹತ್ತಿರ ದಿನ ಬರೆಸಿದಳು.

ಭೂಪಾಲ, ಕಾಂತಾ ಖಾನಾಪುರದಿಂದ ಬಂದಿದ್ದರು. ಭೂಪಾಲ ಹೊಸ ಕೋಟು ಹಾಕಿಕೊಂಡು, ಸಿಕ್ಕವರಿಗೆಲ್ಲ ಕುದುರೆ ಏನು ತಿನ್ನುತ್ತದೆ, ಯಾವಾಗ ಮಲಗುತ್ತದೆ ಎಂದು ಹೇಳುತ್ತಿದ್ದ. ಕಾಂತಾ ಮೆರವಣಿಗೆಯಲ್ಲಿ ಬಾಳವ್ವನ ಬಾಜುವಿಗೇ ನಡೆದಳು. ಎರಡನೆಯ ಬೀದಿ ಮುಗಿಯುವಾಗ ಅವಳು ಮೆಲ್ಲಗೆ ಕೇಳಿದಳು.

"ನಾ ಸ್ವಲ್ಪ ಹಿಡೀಲೇನ್ರಿ?"

ಬಾಳವ್ವ ಅವಳ ಮುಖ ನೋಡಿ ಲಗಾಮು ಕೊಟ್ಟಳು. ಕಾಂತಾ ಅದನ್ನು ಎರಡೂ ಕೈಯಲ್ಲಿ ಹಿಡಿದು, ಉದ್ದಕ್ಕೆ ಉಸಿರು ಬಿಟ್ಟು, ಮುಂದೆ ನಡೆದಳು. ಅಬೋಲಿ ಅವಳ ಹೆಗಲ ಹತ್ತಿರ ತಲೆ ತಂದು ಜೊತೆಗೆ ಹೆಜ್ಜೆ ಹಾಕಿತು.

ಆರು ವರ್ಷದಲ್ಲಿ ಮೊದಲ ಸಲ ಮದುವೆಯ ಮೆರವಣಿಗೆಯಲ್ಲಿ ಬಾಳವ್ವನ ಕೈ ಖಾಲಿ ಇದ್ದವು. ಅವುಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಆಕೆ ಹತ್ತು ಹೆಜ್ಜೆ ಸುಮ್ಮನೆ ನಡೆದಳು. ಅಷ್ಟರಲ್ಲಿ ಈರಯ್ಯನ ಕಹಳೆ ಮೊಳಗಿತು, ಕುದುರೆ ನಿಂತಿತು, ವರನ ಕಡೆಯ ಹೆಣ್ಣುಮಕ್ಕಳು ನಡು ರಸ್ತೆಯಲ್ಲಿ ಕುಣಿಯಲು ನಿಂತರು. ಅವರಲ್ಲೊಬ್ಬಳು "ಬರ್ರಿ ಅಕ್ಕಾರ" ಎಂದು ಕೈ ಹಿಡಿದು ಎಳೆದಳು. ಬಾಳವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅವರ ನಡುವೆ ಹೋದಳು.